ಹಂಪ್ತಾ, ರೂಪಿನ್, ಪಿನ್ ಪಾರ್ವತಿ, ಥೊರಾಂಗ್ ಲಾ: ನಿಮಗೆ ಸಲ್ಲುವ ಪಾಸ್ ಯಾವುದು?

ಕುಮಾರ ಪರ್ವತ, ಕೊಡಚಾದ್ರಿ, ತಡಿಯಂಡಮೋಳ್ ಹತ್ತಿ ಇಳಿದವರು ಮುಂದಿನ ವರ್ಷ ಹಿಮಾಲಯ ಎಂದುಕೊಳ್ಳುವುದು ಸಹಜ. ಹುಡುಕಲು ಕುಳಿತರೆ ನಾಲ್ಕೈದು ಹೆಸರುಗಳು ಒಟ್ಟಿಗೆ ಎದುರಾಗುತ್ತವೆ, ಎಲ್ಲದರ ಚಿತ್ರಗಳೂ ಚೆಂದವಾಗಿಯೇ ಇರುತ್ತವೆ. ಆಗ ಹೆಚ್ಚಿನವರು ಎತ್ತರದ ಅಂಕಿ ನೋಡಿ ತೀರ್ಮಾನಿಸುತ್ತಾರೆ: 4,270 ಮೀಟರ್ ಎಂದರೆ ಸುಲಭ, 5,319 ಎಂದರೆ ಕಷ್ಟ. ಈ ಲೆಕ್ಕ ಅರ್ಧ ಮಾತ್ರ ಸರಿ. ಶಿಖರ ಹತ್ತುವವರು ಬಂದ ದಾರಿಯಲ್ಲೇ ಇಳಿಯುತ್ತಾರೆ, ಅವರ ಟೆಂಟ್ ಕೆಳಗೆ ಕಾದಿರುತ್ತದೆ. ಪಾಸ್ ಎಂದರೆ ಬೆಟ್ಟಸಾಲನ್ನು ದಾಟಲು ಸಿಗುವ ತಗ್ಗು. ಅದನ್ನು ದಾಟುವವರು ಒಂದು ಕಣಿವೆಯಿಂದ ಏರಿ ಇನ್ನೊಂದು ಕಣಿವೆಗೆ ಇಳಿಯಬೇಕು. ಟೆಂಟು, ಅಡುಗೆ ಸಾಮಾನು, ನಿಮ್ಮ ಚೀಲ ಎಲ್ಲವೂ ಗುಡ್ಡದ ಆ ಕಡೆಗೆ ಹೋಗುತ್ತವೆ. ಒಂದು ಹಂತ ದಾಟಿದ ಮೇಲೆ ಹಿಂದಕ್ಕೆ ಬರುವುದಕ್ಕಿಂತ ಮುಂದಕ್ಕೆ ಹೋಗುವುದೇ ಹತ್ತಿರವಾಗಿಬಿಡುತ್ತದೆ. ಹಾಗಾಗಿ ಯಾವ ಪಾಸ್ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ನಡುದಾರಿಯಲ್ಲಿ ಒಬ್ಬರು ಹುಷಾರು ತಪ್ಪಿದರೆ ಗಾಡಿ ಸಿಗುವ ರಸ್ತೆ ಎಷ್ಟು ಹೊತ್ತಿನ ದಾರಿ ಎಂಬುದನ್ನು ನೋಡಿಕೊಳ್ಳಿ. ಉಳಿದ ಅಳತೆಗೋಲುಗಳೆಲ್ಲ ಅದರ ನಂತರ.

ಎರಡನೆಯದು ರಾತ್ರಿ ಮಲಗುವ ಜಾಗದ ಎತ್ತರ. ಹಗಲು ಎಷ್ಟು ಎತ್ತರ ಮುಟ್ಟಿದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದು ದೇಹಕ್ಕೆ ಮುಖ್ಯ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಏರದೆ ತಂಗಬೇಕು ಎನ್ನುವುದು ವೈದ್ಯರು ಒಪ್ಪಿಕೊಂಡಿರುವ ಸಾಮಾನ್ಯ ನಿಯಮ. ಬೆಂಗಳೂರು ಇರುವುದು ಸುಮಾರು 920 ಮೀಟರ್‌ನಲ್ಲಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 2,000 ಮೀಟರ್ ಕೂಡ ಮುಟ್ಟುವುದಿಲ್ಲ. ಅಂದರೆ ಎತ್ತರಕ್ಕೆ ದೇಹವನ್ನು ಒಗ್ಗಿಸುವ ಕೆಲಸವನ್ನು ಊರಿನಲ್ಲೇ ಮುಗಿಸಿಕೊಂಡು ಹೋಗುವ ದಾರಿ ನಮಗಿಲ್ಲ. ಮ್ಯಾರಥಾನ್ ಓಡುವವರಿಗೂ ಎತ್ತರದ ಕಾಯಿಲೆ (ಆಮ್ಲಜನಕ ಸಾಲದೆ ತಲೆನೋವು, ವಾಕರಿಕೆ ಬರುವುದು) ಬರುತ್ತದೆ. ಅವರು ಬೇಗ ಬೇಗ ಹತ್ತುವುದರಿಂದ ಕೆಲವೊಮ್ಮೆ ಅವರಿಗೇ ಮೊದಲು ಬರುತ್ತದೆ.

ಮೂರನೆಯದು ಕಾಲ ಕೆಳಗಿನ ನೆಲ: ಹುಲ್ಲೋ, ಜಾರುವ ಜಲ್ಲಿಯೋ, ಗಟ್ಟಿ ಹಿಮವೋ, ಬಿರುಕು ಬಿಟ್ಟ ಹಿಮನದಿಯೋ. ರಜೆ ಮತ್ತು ಹಣವನ್ನು ನಾನು ಬೇರೆ ಬೇರೆ ಎಣಿಸುವುದಿಲ್ಲ. ಈ ದಾರಿಗಳಲ್ಲಿ ಖರ್ಚು ಏರುವುದು ಹೆಚ್ಚಾಗಿ ದಿನಗಳ ಲೆಕ್ಕದಲ್ಲೇ.

ಹಂಪ್ತಾ

ಹಿಮಾಚಲದ ಕುಲು ಕಣಿವೆಯಿಂದ ಲಾಹೌಲ್‌ಗೆ ದಾಟುವ ಹಂಪ್ತಾ ಸುಮಾರು 4,270 ಮೀಟರ್ ಎತ್ತರದ್ದು. ಮನಾಲಿಯಿಂದ ಗಾಡಿಯಲ್ಲಿ ಜೋಬ್ರಾ ತಲುಪಿ, ಚೀಕಾ, ಬಾಲು ಕಾ ಘೇರಾ, ಸಿಯಾಗೋರು ಎಂಬ ತಂಗುದಾಣಗಳ ಮೂಲಕ ಛತ್ರುವಿಗೆ ಇಳಿಯುತ್ತಾರೆ. ನಡಿಗೆ ನಾಲ್ಕು ದಿನ, ಚಂದ್ರತಾಲ್ ಸರೋವರ ಸೇರಿದರೆ ಐದು. ಕುಲು ಬದಿಯಲ್ಲಿ ಹುಲ್ಲುಗಾವಲು, ಮಳೆ, ಹೂವು. ಪಾಸ್ ದಾಟಿದೊಡನೆ ಕಂದು ಬಣ್ಣದ ಒಣ ಗುಡ್ಡಗಳು. ಸಕಲೇಶಪುರದ ಮಳೆಯಿಂದ ಅರಸೀಕೆರೆಯ ಬಿಸಿಲಿಗೆ ಬರಲು ರಸ್ತೆಯಲ್ಲಿ ಎರಡು ಗಂಟೆ ಬೇಕಾದರೆ, ಇಲ್ಲಿ ಅದೇ ವ್ಯತ್ಯಾಸ ಒಂದು ಮಧ್ಯಾಹ್ನದೊಳಗೆ ಕಾಣಿಸುತ್ತದೆ.

ನನ್ನ ಮೊದಲ ಅಳತೆಗೋಲಿನಲ್ಲಿ ಹಂಪ್ತಾ ಎಲ್ಲಕ್ಕಿಂತ ಮುಂದಿದೆ. ಎಲ್ಲೇ ಇದ್ದರೂ ಒಂದು ದಿನದೊಳಗೆ ಈ ಬದಿಯ ರಸ್ತೆಯನ್ನೋ ಆ ಬದಿಯ ರಸ್ತೆಯನ್ನೋ ಸೇರಬಹುದು. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಲಾಹೌಲ್ ಬದಿಯಿಂದ ಮನಾಲಿಗೆ ಮರಳಲು ರೋಹತಾಂಗ್ ಪಾಸ್ ಹತ್ತಬೇಕಾದ ಕಷ್ಟವೂ ಇಲ್ಲ. ಹಣವೂ ಇಲ್ಲೇ ಅತಿ ಕಡಿಮೆ.

ಎರಡನೆಯ ಅಳತೆಗೋಲಿಗೆ ಬಂದರೆ ಮಾತ್ರ ಇದರ ‘ಸುಲಭ’ ಎಂಬ ಹೆಸರು ಸಡಿಲವಾಗುತ್ತದೆ. ಶುಕ್ರವಾರ ಸಂಜೆ ಕಚೇರಿಯಿಂದ ಹೊರಟು, ದೆಹಲಿಯಿಂದ ರಾತ್ರಿ ಬಸ್ ಹಿಡಿದು ಮನಾಲಿಗೆ ಬಂದವರು ಮೂರನೆಯ ರಾತ್ರಿಯೋ ನಾಲ್ಕನೆಯ ರಾತ್ರಿಯೋ ಸುಮಾರು 3,700 ಮೀಟರ್‌ನಲ್ಲಿ ಮಲಗಿರುತ್ತಾರೆ. ಬಾಲು ಕಾ ಘೇರಾದಲ್ಲಿ ತಲೆ ಹಿಡಿದು ಕೂರುವವರು ಸಾಮಾನ್ಯವಾಗಿ ಹೀಗೆ ಓಡೋಡಿ ಬಂದವರೇ. ಪರಿಹಾರಕ್ಕೆ ಹೆಚ್ಚು ಹಣವೇನೂ ಬೇಕಿಲ್ಲ: ಸುಮಾರು 2,050 ಮೀಟರ್ ಎತ್ತರದ ಮನಾಲಿಯಲ್ಲಿ ಎರಡು ರಾತ್ರಿ ಉಳಿಯಿರಿ, ನಡುವಿನ ಹಗಲು ಮೇಲಿನ ಊರುಗಳಿಗೆ ನಡೆದು ಬನ್ನಿ. ಇನ್ನೊಂದು ಮಾತು ಹೊಳೆಗಳ ಬಗ್ಗೆ. ಹಿಮ ಕರಗಿ ಬರುವ ನೀರು ಮಧ್ಯಾಹ್ನದ ಹೊತ್ತಿಗೆ ಏರುತ್ತದೆ, ಆದ್ದರಿಂದ ಬೆಳಿಗ್ಗೆಯೇ ದಾಟಿಸುತ್ತಾರೆ. ಚಪ್ಪಲಿಗೆ ಹಿಂಬದಿಯ ಪಟ್ಟಿ ಇರಲಿ, ಬರಿಗಾಲಲ್ಲಿ ದಾಟುವ ಶೌರ್ಯ ಬೇಡ.

ಒಂದು ವಾರದ ರಜೆ, ಮೊದಲ ಹಿಮಾಲಯ, ಜೊತೆಗೆ ಮನೆಯವರಲ್ಲಿ ಅಂಜಿಕೆ ಇದ್ದರೆ ಹಂಪ್ತಾ ಆರಿಸಿಕೊಳ್ಳಿ. ಹಿಮ ಬೇಕಿದ್ದರೆ ಜೂನ್, ಹಸಿರು ಬೇಕಿದ್ದರೆ ಜುಲೈ-ಆಗಸ್ಟ್, ತೆರೆದ ಆಕಾಶ ಬೇಕಿದ್ದರೆ ಸೆಪ್ಟೆಂಬರ್. ಏಕಾಂತ ಹುಡುಕುವವರಿಗೆ ಇದು ಹೇಳಿಸಿದ್ದಲ್ಲ, ಹಂಗಾಮಿನಲ್ಲಿ ಟೆಂಟುಗಳ ಬಣ್ಣವೇ ಹುಲ್ಲಿಗಿಂತ ಹೆಚ್ಚು ಕಾಣುತ್ತದೆ.

ರೂಪಿನ್

4,650 ಮೀಟರ್ ಎತ್ತರದ ರೂಪಿನ್ ಅಂಕಿಯಲ್ಲಿ ಹಂಪ್ತಾಗಿಂತ ಕಷ್ಟ. ಆದರೆ ದೇಹ ಒಗ್ಗುವ ಲೆಕ್ಕದಲ್ಲಿ ನನಗೆ ಇದೇ ಹೆಚ್ಚು ಹಿತ. ಉತ್ತರಾಖಂಡದ ಧೌಲಾದಲ್ಲಿ ಸುಮಾರು 1,550 ಮೀಟರ್‌ನಿಂದ ನಡಿಗೆ ಆರಂಭ. ಸೇವಾ, ಝಾಕಾ ಎಂಬ ಹಳ್ಳಿಗಳಲ್ಲಿ ತಂಗುತ್ತಾ, ರೂಪಿನ್ ನದಿಯ ಪಕ್ಕದಲ್ಲೇ ದಿನಕ್ಕಿಷ್ಟು ಎಂದು ಏರುತ್ತಾ ಹೋಗುತ್ತದೆ. ಬಂಡೆಯ ಅಂಚಿಗೆ ಆತುಕೊಂಡಂತಿರುವ ಝಾಕಾದ ಮರದ ಮನೆಗಳಿಗಾಗಿಯೇ ಈ ದಾರಿಯನ್ನು ಆರಿಸಿಕೊಳ್ಳುವವರಿದ್ದಾರೆ. ಮುಂದೆ ಧಂಡೇರಸ್ ಥಾಚ್ ಹುಲ್ಲುಗಾವಲು, ಅದರ ತಲೆಯ ಮೇಲೆ ಮೂರು ಹಂತದಲ್ಲಿ ಧುಮುಕುವ ಜಲಪಾತ, ಆ ಜಲಪಾತದ ಮೇಲ್ತುದಿಯಲ್ಲಿ ಸುಮಾರು 4,000 ಮೀಟರ್‌ನಲ್ಲಿ ತಂಗುದಾಣ. ಪಾಸ್ ದಾಟಿದ ಮೇಲೆ ಹಿಮಾಚಲದ ಕಿನ್ನೌರ್, ಕೊನೆಗೆ ಸಾಂಗ್ಲಾ. ನಡಿಗೆಗೇ ಏಳು ದಿನ. ದೆಹರಾದೂನ್‌ನಿಂದ ಧೌಲಾಕ್ಕೆ ಒಂದು ಹಗಲಿನ ಗಾಡಿ ಪ್ರಯಾಣ, ಸಾಂಗ್ಲಾದಿಂದ ಶಿಮ್ಲಾಕ್ಕೆ ಇನ್ನೊಂದು ಹಗಲು. ಬೆಂಗಳೂರಿನ ಬಾಗಿಲಿನಿಂದ ಬಾಗಿಲಿಗೆ ಹನ್ನೊಂದು ದಿನಕ್ಕಿಂತ ಕಡಿಮೆ ಹಿಡಿಯಬೇಡಿ. ಆರಂಭ ಒಂದು ರಾಜ್ಯದಲ್ಲಿ, ಅಂತ್ಯ ಇನ್ನೊಂದರಲ್ಲಿ ಆಗಿರುವುದರಿಂದ ಹೆಚ್ಚುವರಿ ಸಾಮಾನನ್ನು ದೆಹರಾದೂನ್‌ನಲ್ಲಿ ಬಿಟ್ಟು ಹೋಗುವ ಉಪಾಯ ನಡೆಯುವುದಿಲ್ಲ.

ಇದರ ಬಿಕ್ಕಟ್ಟು ಇರುವುದು ಒಂದೇ ಕಡೆ, ಪಾಸ್‌ಗೆ ಮುಂಚಿನ ಕಡಿದಾದ ಕೊರಕಲಿನಲ್ಲಿ. ಮೇ ಕೊನೆ-ಜೂನ್‌ನಲ್ಲಿ ಅದು ಹಿಮದಿಂದ ತುಂಬಿರುತ್ತದೆ. ಗೈಡ್ ಮುಂದೆ ಹೋಗಿ ಹೆಜ್ಜೆಗುಳಿ ಕಡಿಯುತ್ತಾರೆ, ಬೂಟಿಗೆ ಮುಳ್ಳುಸರಪಳಿ ಹಾಕಿಕೊಂಡು ಒಬ್ಬರ ಹಿಂದೆ ಒಬ್ಬರು ಹತ್ತಬೇಕು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಿಮ ಇಲ್ಲದಿದ್ದರೆ ಅದೇ ಕೊರಕಲು ಸಡಿಲ ಕಲ್ಲಿನದಾಗುತ್ತದೆ, ಮೇಲಿನವರ ಕಾಲಿಗೆ ಸಿಕ್ಕ ಕಲ್ಲು ಕೆಳಗಿನವರ ಕಡೆಗೆ ಉರುಳುತ್ತದೆ. ಎರಡರಲ್ಲಿ ನನ್ನ ಓಟು ಹಿಮಕ್ಕೆ, ಅದು ಬೆಳಗಿನ ಹೊತ್ತು ಗಟ್ಟಿಯಾಗಿ ಕಾಲು ಹಿಡಿಯುತ್ತದೆ. ಜಲಪಾತದ ಮೇಲಿನ ತಂಗುದಾಣದಲ್ಲಿ ಕಾಯಿಲೆ ಬಿದ್ದರೆ ಝಾಕಾಕ್ಕೆ ಮರಳಲು ಒಂದೂವರೆ-ಎರಡು ದಿನ ಬೇಕು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಾಗಾಗಿ ಅಲ್ಲಿಗೆ ಏರುವ ಮುನ್ನ ಧಂಡೇರಸ್‌ನಲ್ಲಿ ಒಂದು ದಿನ ನಿಲ್ಲಿಸುವ ತಂಡವನ್ನೇ ಆರಿಸಿ. ಆ ಒಂದು ದಿನವನ್ನು ಉಳಿಸಿ ಅಗ್ಗವಾಗಿ ಮಾರುವವರೂ ಇದ್ದಾರೆ.

ಹಿಂದೆ ಒಂದು ಹಿಮಾಲಯ ಚಾರಣ ಮಾಡಿದವರಿಗೂ, ಮೊದಲ ಸಲವಾದರೂ ನಾಲ್ಕು ತಿಂಗಳು ಶ್ರದ್ಧೆಯಿಂದ ತಯಾರಾದವರಿಗೂ ರೂಪಿನ್ ಸಲ್ಲುತ್ತದೆ. ನಾಲ್ಕು ಹೆಸರುಗಳಲ್ಲಿ ಒಂದನ್ನೇ ಹೇಳು ಎಂದರೆ ನಾನು ಹೇಳುವುದು ಇದನ್ನೇ.

ಪಿನ್ ಪಾರ್ವತಿ

ಕುಲುವಿನ ಪಾರ್ವತಿ ಕಣಿವೆಯಿಂದ ಸ್ಪಿತಿಯ ಪಿನ್ ಕಣಿವೆಗೆ ದಾಟುವ, 5,319 ಮೀಟರ್ ಎತ್ತರದ ದಾರಿ ಇದು. ಬರ್ಶೈನಿಯಿಂದ ಹೊರಟು ಖೀರ್‌ಗಂಗಾದ ಬಿಸಿನೀರಿನ ಬುಗ್ಗೆಯವರೆಗೆ ಜನಜಂಗುಳಿ. ಅಲ್ಲಿಂದ ಮುಂದೆ ಕುರಿ ಕಾಯುವವರು ಸಿಕ್ಕರೆ ಸಿಕ್ಕರು, ಇಲ್ಲದಿದ್ದರೆ ಇಲ್ಲ. ಪಾಂಡವರು ಇಟ್ಟದ್ದೆಂದು ಅಲ್ಲಿಯವರು ಹೇಳುವ, ನದಿಗೆ ಅಡ್ಡಲಾಗಿ ಕೂತ ಭಾರಿ ಬಂಡೆಗಳೇ ಪಾಂಡು ಪುಲ್ ಎಂಬ ಸೇತುವೆ. ನದಿಯ ಮೂಲದಲ್ಲಿರುವ ಮಂತಲಾಯಿ ಸರೋವರ ಸುಮಾರು 4,100 ಮೀಟರ್‌ನಲ್ಲಿದೆ. ಅಲ್ಲಿಂದ ಮೇಲೆ ಕಲ್ಲುರಾಶಿ, ಹಿಮಬಯಲು, ಅದರಲ್ಲಿ ಮುಚ್ಚಿಕೊಂಡಿರುವ ಬಿರುಕುಗಳು. ಹಗ್ಗ ಕಟ್ಟಿಕೊಂಡು ಸಾಲಾಗಿ ದಾಟಬೇಕು. ಆಚೆ ಬದಿಯಲ್ಲಿ ಮೊದಲು ಸಿಗುವ ಊರು ಮುದ್. ಒಟ್ಟು ನೂರು ಕಿಲೋಮೀಟರ್‌ಗೂ ಹೆಚ್ಚು, ಹತ್ತು-ಹನ್ನೊಂದು ದಿನದ ನಡಿಗೆ.

ಮಂತಲಾಯಿಯಲ್ಲಿ ಒಬ್ಬರಿಗೆ ಉಸಿರು ಕಟ್ಟತೊಡಗಿದರೆ ಬರ್ಶೈನಿಗೆ ಮರಳಲು ಮೂರು-ನಾಲ್ಕು ದಿನ. ಮೊಬೈಲ್ ಸಿಗ್ನಲ್ ಇಲ್ಲ. ಅಮೆರಿಕದಲ್ಲಿರುವ ಮಗನ ಉಪಗ್ರಹ ಫೋನನ್ನೋ ಸಂದೇಶ ಸಾಧನವನ್ನೋ ತರಿಸಿಕೊಂಡರಾಯಿತು ಎಂದು ಯೋಚಿಸುವವರು ಗಮನಿಸಿ: ಭಾರತದಲ್ಲಿ ಅನುಮತಿ ಇಲ್ಲದೆ ಅವನ್ನು ಇಟ್ಟುಕೊಳ್ಳುವುದು ಅಪರಾಧ, ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದವರಿದ್ದಾರೆ. ಇಲ್ಲಿ ಸಹಾಯ ಎಂದರೆ ನಿಮ್ಮ ತಂಡ, ಅದು ಹೊತ್ತು ತಂದ ಆಮ್ಲಜನಕದ ಸಿಲಿಂಡರ್ ಮತ್ತು ವೇಗವಾಗಿ ಇಳಿಯಬಲ್ಲ ಒಬ್ಬ ಪೋರ್ಟರ್, ಅಷ್ಟೇ. ಖರ್ಚು ಹಂಪ್ತಾದ ಮೂರು-ನಾಲ್ಕು ಪಟ್ಟು. ಅದರಲ್ಲಿ ಚೌಕಾಶಿ ಮಾಡಿ ಉಳಿಸಿದ ಹಣ ಯಾರದೋ ಬೂಟಿನಲ್ಲಿ, ಯಾರದೋ ಟೆಂಟಿನಲ್ಲಿ ಕಡಿತವಾಗಿರುತ್ತದೆ.

4,500 ಮೀಟರ್ ಮೇಲೆ ಈಗಾಗಲೇ ಒಮ್ಮೆ ಹೋಗಿ, ಅಲ್ಲಿ ತನ್ನ ದೇಹ ಹೇಗೆ ನಡೆದುಕೊಂಡಿತು ಎಂದು ತಿಳಿದವರಿಗೆ ಮಾತ್ರ ಇದನ್ನು ಹೇಳುತ್ತೇನೆ. ‘ಜೀವನದಲ್ಲಿ ಒಂದೇ ಸಲ ಹೋಗುವುದು, ದೊಡ್ಡದನ್ನೇ ಮಾಡೋಣ’ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಹಸಿರಿನಿಂದ ಸ್ಪಿತಿಯ ಒಣನೆಲಕ್ಕೆ ದಾಟುವ ಅನುಭವವೇ ಬೇಕಿದ್ದರೆ ಪಿನ್ ಭಾಬಾ ಇದೆ. ಕಿನ್ನೌರ್‌ನ ಕಾಫ್ನುವಿನಿಂದ ಹೊರಟು, ಸುಮಾರು 4,900 ಮೀಟರ್‌ನ ಪಾಸ್ ದಾಟಿ, ಅದೇ ಮುದ್‌ಗೆ ಇಳಿಯುತ್ತದೆ. ಅರ್ಧದಷ್ಟು ದಿನ, ದಾರಿಯಲ್ಲಿ ಹಿಮನದಿಯ ಬಿರುಕುಗಳ ಕಾಟವಿಲ್ಲ, ಜನವೂ ಕಡಿಮೆ. ರೂಪಿನ್ ಮುಗಿಸಿದವರಿಗೆ ಮುಂದಿನ ಮೆಟ್ಟಿಲಾಗಿ ಅದು ಚೆನ್ನ.

ಥೊರಾಂಗ್ ಲಾ

ಎತ್ತರದಲ್ಲಿ ಇದು ಎಲ್ಲಕ್ಕಿಂತ ಮುಂದು, 5,416 ಮೀಟರ್. ಸಮುದ್ರಮಟ್ಟದಲ್ಲಿ ಸಿಗುವ ಆಮ್ಲಜನಕದ ಸುಮಾರು ಅರ್ಧದಷ್ಟೇ ಅಲ್ಲಿ ಸಿಗುತ್ತದೆ. ಆದರೂ ಟೆಂಟಿನಲ್ಲಿ ಮಲಗಲಾರದವರಿಗೆ, ಐವತ್ತು ದಾಟಿದ ಗಟ್ಟಿಮುಟ್ಟಾದವರಿಗೆ ನಾನು ಪಿನ್ ಪಾರ್ವತಿಯ ಬದಲು ಇದನ್ನೇ ಸೂಚಿಸುತ್ತೇನೆ. ನೇಪಾಳದ ಅನ್ನಪೂರ್ಣ ಸುತ್ತಿನ ಈ ದಾರಿಯುದ್ದಕ್ಕೂ ಲಾಡ್ಜ್‌ಗಳಿವೆ, ಹಾಸಿಗೆ, ಒಲೆ, ಬಿಸಿ ದಾಲ್-ಭಾತ್ ಸಿಗುತ್ತವೆ. 3,540 ಮೀಟರ್‌ನ ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಶನ್‌ನ ಚಿಕಿತ್ಸಾ ಕೇಂದ್ರವಿದೆ, ಹಂಗಾಮಿನಲ್ಲಿ ವೈದ್ಯರು ಎತ್ತರದ ಕಾಯಿಲೆಯ ಬಗ್ಗೆ ಚಾರಣಿಗರಿಗೆ ತಿಳಿಹೇಳುತ್ತಾರೆ. ಪಾಸ್‌ನಿಂದ ಇಳಿದರೆ ಮುಕ್ತಿನಾಥ. ಸಾಲಿಗ್ರಾಮಕ್ಕಾಗಿ, ದರ್ಶನಕ್ಕಾಗಿ ನಮ್ಮ ಕಡೆಯ ಎಷ್ಟೋ ಮಂದಿ ಜೋಮ್‌ಸೋಮ್‌ವರೆಗೆ ವಿಮಾನದಲ್ಲಿ ಹೋಗುವ ಅದೇ ಕ್ಷೇತ್ರಕ್ಕೆ ನೀವು ಗುಡ್ಡದ ಹಿಂಬದಿಯಿಂದ ನಡೆದು ಬಂದಿರುತ್ತೀರಿ. ಮನೆಯ ಹಿರಿಯರನ್ನು ಒಪ್ಪಿಸಲು ಇಷ್ಟು ಸಾಕು.

ಅಪಾಯ ಇರುವುದು ಜೀಪಿನಲ್ಲಿ. ಈಗ ರಸ್ತೆ ಮನಾಂಗ್‌ವರೆಗೂ ಬಂದಿದೆ, ಕಠ್ಮಂಡುವಿನಿಂದ ಎರಡೇ ದಿನದಲ್ಲಿ ಅಲ್ಲಿ ಇಳಿದು ಮರುದಿನವೇ ಏರತೊಡಗುವವರಿದ್ದಾರೆ. ಕೆಳಗಿನ ಚಾಮೆಯಿಂದಾದರೂ ನಡೆಯಿರಿ, ಮನಾಂಗ್‌ನಲ್ಲಿ ಎರಡು ರಾತ್ರಿ ಇರಿ. ಪಾಸ್‌ನ ದಿನ ಸುಮಾರು 1,600 ಮೀಟರ್ ಇಳಿಯಬೇಕು, ಮಂಡಿ ನೋವಿರುವವರು ಅದನ್ನು ಮೊದಲೇ ಯೋಚಿಸಲಿ. 2014ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಉಳಿಕೆಯೇ ಎರಡು ದಿನದ ನಂತರ ಇಲ್ಲಿ ಹಿಮಪಾತವಾಗಿ ಸುರಿದು ನಲವತ್ತಕ್ಕೂ ಹೆಚ್ಚು ಜನ ಸತ್ತರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದರೆ ಮೇಲಿನ ಲಾಡ್ಜ್‌ನಲ್ಲಿ ಒಂದು ದಿನ ಕುಳಿತುಬಿಡಿ.

ದಸರಾ ರಜೆಗೆ ಇದು ಹೇಳಿ ಮಾಡಿಸಿದಂತಿದೆ, ಅಕ್ಟೋಬರ್-ನವೆಂಬರ್ ಇಲ್ಲಿನ ಒಳ್ಳೆಯ ಕಾಲ. ಭಾರತೀಯರಿಗೆ ವೀಸಾ ಬೇಡ, ಆದರೆ ವಿಮಾನಕ್ಕೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ವಿದೇಶಿ ಚಾರಣಿಗರು ಗೈಡ್ ಜೊತೆಗೇ ಹೋಗಬೇಕೆಂದು ನೇಪಾಳ 2023ರ ಏಪ್ರಿಲ್‌ನಿಂದ ನಿಯಮ ಮಾಡಿದೆ, ಬಜೆಟ್‌ನಲ್ಲಿ ಅದನ್ನೂ ಸೇರಿಸಿಕೊಳ್ಳಿ. ಹೆಲಿಕಾಪ್ಟರ್ ಸೌಲಭ್ಯ ಇದೆ, ಬಿಲ್ ಮಾತ್ರ ನಿಮ್ಮದೇ. ವಿಮೆ ಮಾಡಿಸುವಾಗ ಎಷ್ಟು ಮೀಟರ್ ಎತ್ತರದವರೆಗೆ ಅನ್ವಯ ಎಂಬ ಸಾಲನ್ನು ಹುಡುಕಿ ಓದಿ.

ಯಾರ ಜೊತೆ ಹೋಗುವುದು

ದೊಡ್ಡ ಕಂಪನಿಗಳಲ್ಲಿ ಬೆಲೆ ಕಡಿಮೆ, ವ್ಯವಸ್ಥೆ ಅಚ್ಚುಕಟ್ಟು, ತಂಡ ದೊಡ್ಡದು. ಇಪ್ಪತ್ತು ಜನರಲ್ಲಿ ಅತಿ ನಿಧಾನದವರ ವೇಗವೇ ಎಲ್ಲರ ವೇಗ. ನಾಲ್ಕೈದು ಗೆಳೆಯರು ಸೇರಿ ಸ್ಥಳೀಯ ಗೈಡನ್ನು ಹಿಡಿದರೆ ಖರ್ಚು ಹೆಚ್ಚು, ಆದರೆ ಒಂದು ದಿನ ನಿಲ್ಲೋಣ ಎಂದರೆ ನಿಲ್ಲಬಹುದು. ಹಂಪ್ತಾಗೆ ಮೊದಲನೆಯದು ಸಾಕು. ಪಿನ್ ಪಾರ್ವತಿಗೆ ಎರಡನೆಯದು, ಅದೂ ಆ ದಾರಿಯನ್ನು ಹಿಂದೆ ದಾಟಿದ ಗೈಡ್ ಇದ್ದರೆ ಮಾತ್ರ. ಗೈಡ್ ಇಲ್ಲದೆ ಹೋಗುವ ಮಾತನ್ನು ಈ ಪಟ್ಟಿಯ ಯಾವ ಪಾಸ್‌ಗೂ ನಾನು ಎತ್ತುವುದಿಲ್ಲ.

ಹಣ ಕಟ್ಟುವ ಮುನ್ನ ಕೇಳಬೇಕಾದ್ದು ಊಟದ ಪಟ್ಟಿಯಲ್ಲ. ಹವಾಮಾನ ಕೆಟ್ಟರೆ ಮೀಸಲು ದಿನ ಇದೆಯೇ? ಒಬ್ಬರನ್ನು ಕೆಳಗಿಳಿಸಬೇಕಾದರೆ ಜೊತೆಗೆ ಹೋಗುವವರು ಯಾರು, ಉಳಿದವರ ಜೊತೆ ಉಳಿಯುವವರು ಯಾರು? ಮರಳುವ ತೀರ್ಮಾನ ಯಾರದು? ಪೋರ್ಟರ್‌ಗಳಿಗೆ ಬೂಟು, ಮಲಗಲು ಜಾಗ ಕೊಡುತ್ತೀರಾ? ಈ ಕೊನೆಯ ಪ್ರಶ್ನೆಗೆ ತಡವರಿಸುವವರು ಉಳಿದವುಗಳಲ್ಲೂ ತಡವರಿಸುತ್ತಾರೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ನಮ್ಮ ರಾಜ್ಯದಿಂದ ಹೋಗಿದ್ದ ತಂಡ ಮರಳುವಾಗ ಹಿಮಗಾಳಿಗೆ ಸಿಲುಕಿ ಒಂಬತ್ತು ಮಂದಿ ತೀರಿಕೊಂಡರು, ಉಳಿದವರನ್ನು ತರಲು ವಾಯುಪಡೆಯ ಹೆಲಿಕಾಪ್ಟರ್‌ಗಳು ಬರಬೇಕಾಯಿತು. ಜೂನ್ ಒಳ್ಳೆಯ ಹಂಗಾಮು ಎಂದೇ ಎಲ್ಲರೂ ನಂಬಿರುವ ತಿಂಗಳು.

ಊರಿನಲ್ಲಿ ಮಾಡಿಕೊಳ್ಳಬಹುದಾದ ತಯಾರಿ

ಹಂಪ್ತಾಗೆ ಎರಡು ತಿಂಗಳು, ರೂಪಿನ್‌ಗೆ ಮೂರು-ನಾಲ್ಕು, ಪಿನ್ ಪಾರ್ವತಿಗೆ ಆರು ತಿಂಗಳು ಬೇಕು. ಐದು ಕಿಲೋಮೀಟರನ್ನು ಮೂವತ್ತೈದು ನಿಮಿಷದೊಳಗೆ ಓಡಿ, ಮಾತನಾಡುವಷ್ಟು ಉಸಿರು ಉಳಿದಿದ್ದರೆ ಆರಂಭ ಸರಿಯಾಗಿದೆ. ಆಮೇಲೆ ಓಟಕ್ಕಿಂತ ಮೆಟ್ಟಿಲು ಮುಖ್ಯ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿದೆ, ಬೆಂಗಳೂರಿನವರಿಗೆ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕದ್ದು. ಎಂಟು-ಹತ್ತು ಕಿಲೋ ಚೀಲ ಹೊತ್ತು ಹತ್ತಿ, ಇಳಿಯುವಾಗಲೂ ಲಿಫ್ಟ್ ಹಿಡಿಯದೆ ನಡೆದೇ ಇಳಿಯಿರಿ. ಹಿಮಾಲಯದಲ್ಲಿ ಮಂಡಿ ಕೈಕೊಡುವುದು ಇಳಿಯುವಾಗ. ಹೊರಡುವ ಮೂರು ವಾರ ಮುಂಚೆ ಕುಮಾರ ಪರ್ವತ ಹತ್ತುವುದು ಒಳ್ಳೆಯ ಪರೀಕ್ಷೆ, ಕುಕ್ಕೆಯಿಂದ ಒಂದೂವರೆ ಸಾವಿರ ಮೀಟರ್ ಏರು. ಅರಣ್ಯ ಇಲಾಖೆಯ ಬುಕಿಂಗ್ ಬೇಕು, ಮಳೆಗಾಲದಲ್ಲಿ ಬಿಡುವುದಿಲ್ಲ. ಮರುದಿನ ಕಚೇರಿಯ ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿ ಇಳಿಯುವ ಸ್ಥಿತಿ ಬಂದರೆ ಪಾಸ್ ಬದಲಿಸಿ.

ಔಷಧಿಯ ವಿಚಾರ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಕಾಯಿಲೆಯನ್ನು ಮುಚ್ಚಿಡುವುದಿಲ್ಲ, ದೇಹ ಒಗ್ಗುವುದನ್ನು ಚುರುಕುಗೊಳಿಸುತ್ತದೆ. ಬೆರಳ ತುದಿ ಜುಮ್ಮೆನ್ನುವುದು, ಪದೇ ಪದೇ ಮೂತ್ರ ಬರುವುದು ಅದರ ಗುಣ. ಸಲ್ಫಾ ಅಲರ್ಜಿ, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು, ಉಳಿದವರೂ ಕೇಳಿಯೇ ತೆಗೆದುಕೊಳ್ಳಿ. ತಲೆನೋವಿನ ಜೊತೆ ಹಸಿವು ಸತ್ತರೆ ಮೇಲೆ ಏರಬೇಡಿ. ನಡೆಯುವಾಗ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ, ರಾತ್ರಿಯಾದರೂ ಇಳಿಸಬೇಕು. ಮುಚ್ಚಿಟ್ಟುಕೊಂಡು ನಡೆಯುವವರಿಗೆ ಗೈಡ್ ಏನೂ ಮಾಡಲಾರರು.

ಸಾಮಾನಿನಲ್ಲಿ ಬೂಟನ್ನು ಮಾತ್ರ ಕೊಳ್ಳಿ, ಎರಡು ತಿಂಗಳು ಮೊದಲೇ ಕೊಂಡು ಸವೆಸಿ. ದಪ್ಪ ಜಾಕೆಟ್, ಮಲಗುವ ಚೀಲ, ಕೋಲು ಬಾಡಿಗೆಗೆ ಸಿಗುತ್ತವೆ. 4,000 ಮೀಟರ್‌ನಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುವುದರಿಂದ ಅಲ್ಲಿನ ಅನ್ನ ನಮ್ಮ ಮನೆಯ ಅನ್ನದಂತೆ ಇರುವುದಿಲ್ಲ, ಹಸಿವೂ ಕುಗ್ಗಿರುತ್ತದೆ. ಚಟ್ನಿಪುಡಿ, ಉಪ್ಪಿನಕಾಯಿ, ನಾಲ್ಕು ಶೇಂಗಾ ಉಂಡೆ ಚೀಲದಲ್ಲಿರಲಿ.

ಮರಳುವ ವಿಮಾನದ ಟಿಕೆಟನ್ನು ನಡಿಗೆ ಮುಗಿಯುವ ಮರುದಿನಕ್ಕೆ ಕಾಯ್ದಿರಿಸಬೇಡಿ. 2023ರ ಜುಲೈ ಮಳೆಯಲ್ಲಿ ಮನಾಲಿಯ ರಸ್ತೆ ಕೊಚ್ಚಿಹೋಗಿ, ಚಂದ್ರತಾಲ್ ಬಳಿ ಮುನ್ನೂರರ ಹತ್ತಿರ ಜನ ದಿನಗಟ್ಟಲೆ ಸಿಕ್ಕಿಬಿದ್ದಿದ್ದರು. ಹಂಪ್ತಾಗೆ ಒಂದು ದಿನ, ರೂಪಿನ್ ಮತ್ತು ಥೊರಾಂಗ್ ಲಾಕ್ಕೆ ಎರಡು, ಪಿನ್ ಪಾರ್ವತಿಗೆ ಮೂರು ದಿನ ಹೆಚ್ಚುವರಿ ಇಟ್ಟು ರಜೆಯ ಅರ್ಜಿ ಬರೆಯಿರಿ. ಅಷ್ಟು ರಜೆ ಸಿಗದಿದ್ದರೆ ಅದಕ್ಕಿಂತ ಕಡಿಮೆ ದಿನ ಬೇಡುವ ಪಾಸ್ ಆರಿಸಿಕೊಳ್ಳಿ.